ಕಿವಿರಾಯರ ಬ್ಯಾಕಪ್ಪು

"ಇವತ್ತು ಸಂಜೆಯೊಳಗೆ ಅಜ್ಜಿಗೂ ತಾತನಿಗೂ ಅಮರತ್ವ ಕೊಟ್ಟೇ ಕೊಡ್ತೀನಿ!"

ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಕಿವಿರಾಯರು ಹೀಗೊಂದು ಭೀಷಣ ಪ್ರತಿಜ್ಞೆ ಮಾಡಿದಾಗ, ಎದುರಿಗೆ ಕೂತು ಪೇಪರ್ ಓದುತ್ತಿದ್ದ ಅವರ ಮಾವ ಬೆಚ್ಚಿಬಿದ್ದರು.

"ನನಗೇನೂ ಅಷ್ಟು ಅವಸರ ಇಲ್ಲ ಅಳಿಯಂದ್ರೇ," ಎಂದರು. "ಹೇಗೋ ನಡೀತಾ ಇದೆ, ನಡೀಲಿ ಬಿಡಿ."

"ನಿಮಗಲ್ಲ ಮಾವ! ಕಂಪ್ಯೂಟರೊಳಗಿನ ತಾತನಿಗೆ."

"ಓ, ಅವನಿಗಾ!" ಎಂದು ಮಾವ ಮತ್ತೆ ಪೇಪರಿನೊಳಗೆ ಮುಳುಗಿದರು.

ಕಿವಿರಾಯರು ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಆಸ್ಪತ್ರೆಯಲ್ಲಿ ಜನರ ಕಿವಿ ಪರೀಕ್ಷೆ ಮಾಡುವುದು ಅವರ ಉದ್ಯೋಗ. ರೋಗಿಯ ತಲೆಗೆ ಹೆಡ್‌ಫೋನ್ ತೊಡಿಸಿ, ಸಣ್ಣದು ದೊಡ್ಡದು ಸದ್ದುಗಳನ್ನು ಬಿಟ್ಟು, "ಕೇಳಿಸಿದ್ರೆ ಕೈ ಎತ್ತಿ" ಎನ್ನುತ್ತಾ ಕೂರುವ ಕೆಲಸ. ಸೊಳ್ಳೆ ಕೆಮ್ಮಿದರೂ ಕೇಳಿಸುವಂಥ ಕಿವಿ ಯಾವುದು, ಪಟಾಕಿ ಹೊಡೆದರೂ ಅಲ್ಲಾಡದ ಕಿವಿ ಯಾವುದು ಎಂದು ಅವರು ಕೂತಲ್ಲೇ ಹೇಳಬಲ್ಲರು. ಅವರದೇ ಕಿವಿಯ ವಿಷಯ ಕೇಳಿದರೆ ಅವರ ಹೆಂಡತಿ ಹೇಳುವುದು ಬೇರೆ: "ಇವರ ಕಿವಿ ಚೆನ್ನಾಗೇ ಇದೆ. ನನ್ನ ದನಿಗೆ ಮಾತ್ರ ಬಾಗಿಲು ಹಾಕ್ಕೊಳ್ಳತ್ತೆ."

ಇನ್ನು ಅಜ್ಜಿ, ತಾತ. ಇವರು ಮನುಷ್ಯರಲ್ಲ. ರಾಯರ ಹೆಂಡತಿಯದು ಕಸೂತಿಯ ಕಸುಬು. ಮನೆಯ ಮುಂದಿನ ಕೋಣೆಯಲ್ಲಿ ಒಂದು ದೊಡ್ಡ ಕಸೂತಿ ಯಂತ್ರ ಇದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಯಂತ್ರಕ್ಕೆ ಕಳಿಸಿದರೆ ಅದು ಟಕಟಕನೆ ಬಟ್ಟೆಯ ಮೇಲೆ ಹೊಲಿದು ಕೊಡುತ್ತದೆ. ಶಾಲೆಯ ಲಾಂಛನ, ಹೋಟೆಲಿನ ಮೇಜುಬಟ್ಟೆ, ಕೂಸಿನ ಟೊಪ್ಪಿಗೆ, ಎಲ್ಲವೂ ಅದರಲ್ಲೇ. ಆದರೆ ಆ ಯಂತ್ರ ಮುದಿಯಾಗಿತ್ತು. ಅದಕ್ಕೆ ಅರ್ಥವಾಗುವ ಭಾಷೆ ಗೊತ್ತಿದ್ದ ಸಾಫ್ಟ್‌ವೇರೂ ಮುದಿ. ಹೊಸ ಕಂಪ್ಯೂಟರ್ ತಂದಾಗ ಅದು ಈ ಮುದಿ ಸಾಫ್ಟ್‌ವೇರನ್ನು ಒಳಗೆ ಬಿಟ್ಟುಕೊಳ್ಳಲು ಸುತರಾಂ ಒಪ್ಪಲಿಲ್ಲ. ಆಗ ರಾಯರ ಸಹೋದ್ಯೋಗಿ, ಎಕ್ಸ್‌ರೇ ತೆಗೆಯುವಾತ, ಬಂದು ಒಂದು ಉಪಾಯ ಮಾಡಿದ. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಒಂದು ಹಳೇ ಕಂಪ್ಯೂಟರ್ ಇರುವ ಹಾಗೆ ನಟಿಸುವ ವ್ಯವಸ್ಥೆ. ವರ್ಚುವಲ್ ಮೆಷೀನು ಅಂತ ಅದರ ಹೆಸರು. ಕೈಗೆ ಸಿಗುವ ಪೆಟ್ಟಿಗೆಯಲ್ಲ, ಬರೀ ಒಂದು ದೈತ್ಯ ಗಾತ್ರದ ಫೈಲು. ಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಕಿಟಕಿ ತೆರೆದು, ಅದರೊಳಗೆ ಹಳೇ ಕಾಲದ ಕಂಪ್ಯೂಟರು ಏದುಸಿರು ಬಿಡುತ್ತಾ ಎದ್ದು ಕೂರುತ್ತದೆ.

ಅದು ಎದ್ದು ಕೂರುವ ಚಂದ ನೋಡಿಯೇ ರಾಯರ ಹೆಂಡತಿ ಅದಕ್ಕೆ 'ಅಜ್ಜಿ' ಎಂದು ಹೆಸರಿಟ್ಟರು. ಕಂಪ್ಯೂಟರೊಳಗೆ ಕಂಪ್ಯೂಟರು ಎಂದು ಕೇಳಿ ಮಾವ, "ಹಾಗಾದ್ರೆ ಬಸುರಿ ಅನ್ನಿ," ಎಂದಿದ್ದರು. ಆಮೇಲೆ ಅವರ ಹಳೇ ಚದುರಂಗದಾಟಕ್ಕೂ ಇದೇ ಗತಿ ಬಂದು, ಎರಡನೆಯ ವರ್ಚುವಲ್ ಮೆಷೀನು ಹುಟ್ಟಿತು. ಅವನೇ 'ತಾತ'. "ಅವಳಿ ಜವಳಿ!" ಎಂದು ಮಾವ ಸಂತೋಷಪಟ್ಟರು.

ಪ್ರತಿಜ್ಞೆಗೆ ಕಾರಣವಾದವನೂ ಈ ಎಕ್ಸ್‌ರೇ ಮಹಾಶಯನೇ. ಹಿಂದಿನ ವಾರ ಅವನ ಮನೆಯಲ್ಲಿ ಕರೆಂಟು ಏರುಪೇರಾಗಿ ಕಂಪ್ಯೂಟರ್ ಸುಟ್ಟು, ಅವನ ಮದುವೆಯ ಫೋಟೋಗಳೆಲ್ಲ ಹೊಗೆಯಾಗಿ ಹೋಗಿದ್ದವು. ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅವನು ಟೀ ಮುಂದಿಟ್ಟುಕೊಂಡು ನಿಟ್ಟುಸಿರು ಬಿಡುತ್ತಿದ್ದಾಗ ರಾಯರು ಸುಮ್ಮನಿರಬಾರದೇ? ಮುಂಜಾಗ್ರತೆಯ ಮಹಿಮೆಯ ಬಗ್ಗೆ ಒಂದು ಉಪನ್ಯಾಸವನ್ನೇ ಬಿಗಿದರು. "ಬ್ಯಾಕಪ್ ಇಲ್ಲದ ಕಂಪ್ಯೂಟರು ಅಂದ್ರೆ ಹಗ್ಗ ಇಲ್ಲದ ಬಾವಿ ಕಣಯ್ಯಾ!" ಎಂದರು. ಎಲ್ಲವನ್ನೂ ಕೇಳಿಸಿಕೊಂಡು ಅವನು, "ನಿಮ್ಮ ಅಜ್ಜಿ-ತಾತನ ಬ್ಯಾಕಪ್ ಇದೆಯಾ ರಾಯರೇ?" ಎಂದು ಕೇಳಿದ. "ಇಲ್ಲದೆ!" ಎಂದು ರಾಯರು ಎದೆಯುಬ್ಬಿಸಿದರು. ಇರಲಿಲ್ಲ. ಆದ್ದರಿಂದ ಈ ಭಾನುವಾರ.

"ಇವತ್ತು ಬೇಡ ರೀ," ಎಂದರು ಹೆಂಡತಿ, ಚೀಲ ಹೆಗಲಿಗೇರಿಸುತ್ತಾ. ಬಂಗಾರದ ಬಣ್ಣದ ನೂಲು ಮುಗಿದಿತ್ತು, ತರಲು ಹೊರಟಿದ್ದರು. "ನಾಳೆ ಬೆಳಿಗ್ಗೆ ಬ್ಯಾಂಡ್ ಮಾಸ್ಟರು ಬರ್ತಾರೆ. ಅವರ ವಾದ್ಯದವರ ಕೋಟಿಗೆ ತುತ್ತೂರಿ ಚಿತ್ರ ಹೊಲಿದು ಕೊಡಬೇಕು. ಚಿತ್ರ ಅಜ್ಜಿ ಒಳಗಿದೆ. ಬಂದ ಕೂಡ್ಲೇ ಕೂರ್ತೀನಿ. ಅಜ್ಜೀನ ಮಾತ್ರ ಇವತ್ತು ಮುಟ್ಟಬೇಡಿ."

"ಹ್ಞೂಂ."

"ಏನು ಹ್ಞೂಂ? ನಾನು ಏನಂದೆ?"

"ಬ್ಯಾಂಡ್ ಮಾಸ್ಟರು ಬರ್ತಾರೆ ಅಂದೆ."

"ಅದಾದ ಮೇಲೆ?"

"ಬಂಗಾರದ ನೂಲು..."

ಹೆಂಡತಿ ಬಾಗಿಲು ಎಳೆದುಕೊಂಡು ಹೋದರು. ಮೆಟ್ಟಿಲಿಳಿಯುವ ಚಪ್ಪಲಿ ಸದ್ದು ನಿಂತ ಮರುಕ್ಷಣ ರಾಯರು ಕಂಪ್ಯೂಟರಿನ ಮುಂದೆ ಪದ್ಮಾಸನ ಹಾಕಿದರು. ಪಕ್ಕದಲ್ಲಿ ಹೊಸದಾಗಿ ತಂದ ಅಂಗೈಯಗಲದ ಡಿಸ್ಕು. ಅದನ್ನು ವೈರಿನಿಂದ ಕಂಪ್ಯೂಟರಿಗೆ ಸಿಕ್ಕಿಸಿದರು.

"ತಾತನ್ನ ಎಬ್ಬಿಸಬೇಡಿ," ಎಂದು ಮಾವ ಕುರ್ಚಿಯಿಂದಲೇ ಎಚ್ಚರಿಸಿದರು. "ನಿನ್ನೆ ಆಟದ ಮಧ್ಯದಲ್ಲೇ ಮಲಗಿಸಿ ಬಂದಿದೀನಿ. ಅವನ ರಾಣೀನ ಹೊಡೆದಿದೀನಿ ಅಳಿಯಂದ್ರೇ! ಇಷ್ಟು ವರ್ಷ ನನ್ನ ಸೋಲಿಸ್ತಾ ಬಂದೋನು, ನಿನ್ನೆ ಬೆವತುಹೋದ. ಊಟ ಆದ್ಮೇಲೆ ಕೂತು ಮುಗಿಸ್ತೀನಿ ಅವನನ್ನ."

"ಎಬ್ಬಿಸಲ್ಲ ಮಾವ. ಮಲಗಿದ್ದ ಹಾಗೇ ಎತ್ಕೊಂಡು ಹೋಗ್ತೀನಿ."

ಅಜ್ಜಿ-ತಾತ ಇಬ್ಬರೂ ಒಂದೇ ಫೋಲ್ಡರಿನಲ್ಲಿದ್ದರು. ಎಕ್ಸ್‌ರೇ ಅದಕ್ಕೆ ಇಟ್ಟಿದ್ದ ಹೆಸರು ಇಂಗ್ಲಿಷಿನ ನಾಲ್ಕಾರು ಅಕ್ಷರ, ಮೇಲೊಂದು ಅಂಕಿ. ರಾಯರಿಗೆ ಅದು ಸೊಗಸಲಿಲ್ಲ. ಶಾಶ್ವತವಾಗಿ ಉಳಿಯುವ ವಸ್ತುವಿಗೆ ಘನವಾದ ಹೆಸರು ಬೇಡವೇ? ಅದನ್ನು ಅಳಿಸಿ 'ಅಮರಲೋಕ' ಎಂದು ಕನ್ನಡದಲ್ಲಿ ಟೈಪಿಸಿ, ತಲೆ ಓರೆ ಮಾಡಿ ನೋಡಿ ಮೆಚ್ಚಿಕೊಂಡರು. ಆಮೇಲೆ ಅಮರಲೋಕವನ್ನು ಇಲಿಯ ಬಾಲದಲ್ಲಿ ಹಿಡಿದೆಳೆದು ಹೊಸ ಡಿಸ್ಕಿನ ಮೇಲೆ ಬಿಟ್ಟರು.

ಪರದೆಯ ಮೇಲೆ ಒಂದು ಹಸಿರು ಪಟ್ಟಿ ಮೂಡಿತು. 'ಇನ್ನು ಎರಡು ಗಂಟೆ' ಎಂದಿತು ಕಂಪ್ಯೂಟರು. ರಾಯರು ಕಾಲು ಚಾಚಿದರು. 'ಇನ್ನು ಎರಡು ನಿಮಿಷ' ಎಂದಿತು. ರಾಯರು ಕಾಲು ಮಡಿಸಿದರು. 'ಇನ್ನು ಹದಿಮೂರು ದಿನ' ಎಂದಿತು. ರಜೆ ಹಾಕಬೇಕೇ ಎಂದು ರಾಯರು ಯೋಚಿಸುತ್ತಿರುವಾಗಲೇ ಟಿಣ್ ಎಂದು ಸದ್ದಾಗಿ, ಈ ಡಿಸ್ಕಿನಲ್ಲಿ ಇಷ್ಟು ದೊಡ್ಡ ಫೈಲು ಹಿಡಿಸುವುದಿಲ್ಲ ಎಂಬ ಒಕ್ಕಣೆ ಬಂತು. ಅಮರಲೋಕದ ಚಿಲ್ಲರೆ ಫೈಲುಗಳು ಮಾತ್ರ ಆಚೆ ದಾಟಿದ್ದವು. ಅಜ್ಜಿಯೂ ತಾತನೂ ಬಾಗಿಲಲ್ಲೇ ಸಿಕ್ಕಿಕೊಂಡಿದ್ದರು.

ರಾಯರು ಎಕ್ಸ್‌ರೇಗೆ ಫೋನ್ ಮಾಡಿದರು. ಬ್ಯಾಕಪ್ ಇದೆ ಎಂದು ಎದೆಯುಬ್ಬಿಸಿದವರು ಈಗ ನಿಜ ಹೇಳುವ ಹಾಗಿಲ್ಲ. "ನಮ್ಮ ಪಕ್ಕದ ಮನೆಯವರೊಬ್ಬರಿಗೆ ಅವರ ಅಜ್ಜಿ-ತಾತನ ವಿಷಯದಲ್ಲಿ ಒಂದು ಅನುಮಾನವಂತೆ..." ಎಂದು ಶುರುಮಾಡಿದರು.

"ಡಿಸ್ಕು ಖಾಲಿ ಇದ್ದಷ್ಟೇ ಸಾಲದು ರಾಯರೇ," ಎಂದ ಅವನು. "ಅದರ ಒಳಗಿನ ಕಪಾಟು ಹಳೇ ಮಾದರಿಯದ್ದು, ಖಾನೆ ಸಣ್ಣದು. ಒಂದ್ಸಲ ಫಾರ್ಮ್ಯಾಟ್ ಮಾಡಿ ಹೊಸ ಮಾದರಿಗೆ ಬದಲಾಯಿಸೋಕೆ ಹೇಳಿ. ಫಾರ್ಮ್ಯಾಟ್ ಅಂದ್ರೆ ಪೂರ್ತಿ ಒರೆಸಿಬಿಡತ್ತೆ. ಯಾವ ಡಿಸ್ಕು ಅಂತ ಎರಡೆರಡು ಸಲ ನೋಡಿ ಒತ್ತೋಕೆ ಹೇಳಿ ನಿಮ್ಮ ಪಕ್ಕದ ಮನೆಯವರಿಗೆ."

"ಅವರು ಭಾರೀ ಜಾಣರು, ಬಿಡು," ಎಂದರು ರಾಯರು.

ಕಂಪ್ಯೂಟರಿನೊಳಗೆ ಮೊದಲೇ ಡಿ, ಇ ಎಂದು ಎರಡು ಡಿಸ್ಕು. ಹೊರಗಿನಿಂದ ಸಿಕ್ಕಿಸಿದ ಹೊಸದು ಎಫ್. ಜಾಣರು ಇಯ ಮೇಲೆ ಒತ್ತಿದರು. 'ಇದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮುಂದುವರಿಯಲೇ?' ಎಂದು ಕೇಳಿತು ಕಂಪ್ಯೂಟರು. ಇಂಥ ಬೆದರಿಕೆಗಳೆಲ್ಲ ಅಂಜುಬುರುಕರಿಗೆ! ರಾಯರು 'ಹೌದು' ಎಂದರು. 'ಖಂಡಿತವೇ?' ಎಂದಿತು. "ಖಂಡಿತ ಕಣೋ, ಎಷ್ಟು ಸಲ ಹೇಳ್ಬೇಕು ನಿನಗೆ!" ಎಂದು ಗದರಿಯೇ ಒತ್ತಿದರು.

ಕಣ್ಣು ಮಿಟುಕಿಸುವಷ್ಟರಲ್ಲಿ ಒರೆಸಿಯಾಯಿತು. ಹೊಸ ಡಿಸ್ಕನ್ನು ತೆರೆದು ನೋಡಿದರೆ, ದಾಟಿ ಬಂದ ಚಿಲ್ಲರೆ ಫೈಲುಗಳು ಅಲ್ಲೇ ಹಲ್ಲು ಕಿಸಿದು ಕೂತಿದ್ದವು. ಒರೆಸಿದ್ದು ಒರೆಸಿದ ಹಾಗೇ ಇಲ್ಲವಲ್ಲ? ಮತ್ತೆ ಒರೆಸಿದ್ದು ಯಾವುದನ್ನು? ಪಕ್ಕದಲ್ಲಿ ನೋಡಿದರು. 'ಇ' ಎಂಬುದು ತೊಳೆದ ತಟ್ಟೆಯ ಹಾಗೆ ಫಳಫಳ ಹೊಳೆಯುತ್ತಿತ್ತು!

ರಾಯರ ಅಂಗಾಲಿನಿಂದ ಒಂದು ತಣ್ಣನೆಯ ಗಾಳಿ ಹೊರಟು ನೆತ್ತಿಯವರೆಗೆ ಹೋಯಿತು. ಅಜ್ಜಿ-ತಾತನನ್ನು ಎಬ್ಬಿಸುವ ಕಿಟಕಿ ತೆರೆದರು. ಇಬ್ಬರ ಹೆಸರಿನ ಮುಂದೂ ಕೆಂಪು ಅಕ್ಷರ: 'ಸಿಗುತ್ತಿಲ್ಲ'. ಅಜ್ಜಿಯ ಮೇಲೆ ಒತ್ತಿದರು. ಸಿಗುತ್ತಿಲ್ಲ. ತಾತನ ಮೇಲೆ ಒತ್ತಿದರು. ಸಿಗುತ್ತಿಲ್ಲ. ಇನ್ನು ಹುಡುಕುವುದೇನು ಬಂತು? ಅಮರತ್ವ ಕೊಡಲು ಹೊರಟವರು ಇಬ್ಬರನ್ನೂ ಒಂದೇ ಏಟಿಗೆ ಮೇಲಕ್ಕೆ ಕಳಿಸಿದ್ದರು!

ಸರಿಯಾಗಿ ಆಗಲೇ ಮಾವ ಪೇಪರ್ ಮಡಿಸಿದರು. "ಊಟದ ತನಕ ಯಾಕೆ ಕಾಯೋದು? ತಾತನ್ನ ಎಬ್ಬಿಸಿ ಅಳಿಯಂದ್ರೇ, ಈಗ್ಲೇ ಒಂದು ಕೈ ನೋಡ್ಕೋತೀನಿ."

"ಈಗಲಾ ಮಾವ? ಅವನು... ಅವನಿನ್ನೂ ಗಾಢ ನಿದ್ದೇಲಿದಾನೆ."

"ಎಬ್ಬಿಸಿ ಅಂತಾನೇ ಹೇಳಿದ್ದು."

"ಬೆಳಿಗ್ಗೆ ಬೆಳಿಗ್ಗೆ ಚದುರಂಗ ಆಡಿದ್ರೆ ಕಿವಿಯ ನರಕ್ಕೆ ಒಳ್ಳೇದಲ್ಲ ಮಾವ. ನಮ್ಮಲ್ಲಿ ದಿನಾ ನೋಡ್ತೀವಲ್ಲ."

"ಚದುರಂಗಕ್ಕೂ ಕಿವಿಗೂ ಏನ್ರೀ ಸಂಬಂಧ?" ಎನ್ನುತ್ತಾ ಮಾವ ಕುರ್ಚಿಯನ್ನೇ ಎಳೆದುಕೊಂಡು ಬರತೊಡಗಿದರು. ಅವರ ಮುಖದಲ್ಲಿ ಗೆಲ್ಲುವವನ ಕಳೆ. ರಾಯರಿಗೆ ಆ ಕಳೆಯನ್ನು ನೋಡಲಾಗಲಿಲ್ಲ. ದಡಬಡಿಸಿ ಎದ್ದವರು, "ಒಂದು ನಿಮಿಷ, ಹಾಲಿನವರು ಬಂದ ಹಾಗಿತ್ತು," ಎಂದು ಬಾಗಿಲು ತೆರೆದು ಹೊರಗೋಡಿದರು.

ಕರೆಂಟು ತೆಗೆದರೆ ಕಂಪ್ಯೂಟರು ಸತ್ತಹಾಗೆ ಬಿದ್ದಿರುತ್ತದೆ, ಹೆಂಡತಿ ಬರುವಷ್ಟರಲ್ಲಿ ಏನಾದರೂ ದಾರಿ ಹೊಳೆದೀತು, ಇದು ರಾಯರ ಯುದ್ಧತಂತ್ರ. ಮೆಟ್ಟಿಲ ಕೆಳಗೆ ಆ ಕಟ್ಟಡದ ಮನೆಗಳಿಗೆಲ್ಲ ಸೇರಿದ ಸ್ವಿಚ್ಚುಗಳ ಸಾಲು. ರಾಯರು ತಮ್ಮ ಮನೆಯದೆಂದು ಒಂದನ್ನು ಹಿಡಿದು ಟಕ್ ಎಂದು ಕೆಳಗೆ ಮಾಡಿದರು. ವಾಪಸು ಬಂದು ಬಾಗಿಲಲ್ಲೇ ನಿಂತು, "ಛೆ ಛೆ, ಕರೆಂಟು ಹೋಯ್ತಲ್ಲ ಮಾವ!" ಎಂದು ಪೇಚಾಡಿದರು.

ಮಾವ ತಲೆಯೆತ್ತಿ ಮೇಲೆ ನೋಡಿದರು. ಫ್ಯಾನು ಗಾಳಿ ಬೀಸುತ್ತಿತ್ತು.

"ಇದು ಹೇಗೆ ತಿರುಗ್ತಾ ಇದೆ?"

"ಅದು... ಹಳೇ ವೇಗ. ಮೆಲ್ಲಗೆ ನಿಲ್ಲತ್ತೆ."

"ಫ್ರಿಜ್ಜೂ ಗೊರ್ ಅಂತಿದೆ. ಅದಕ್ಕೂ ಹಳೇ ವೇಗಾನಾ?"

ಅಷ್ಟರಲ್ಲಿ ಮೇಲಿನ ಮಹಡಿಯಿಂದ ಒಂದು ಕಿರುಚಾಟ ಕೇಳಿಸಿತು. ಮೇಲ್ಮನೆಯಲ್ಲಿ ಒಬ್ಬಾಕೆ ಪಾರ್ಲರ್ ನಡೆಸುತ್ತಿದ್ದರು. ಧಡಧಡ ಮೆಟ್ಟಿಲಿಳಿದು ಬಂದದ್ದು ಅವರಲ್ಲ, ಅವರ ಗಿರಾಕಿ. ತಲೆಯ ಎಡಗಡೆಯ ಕೂದಲು ಗುಂಗುರು ಗುಂಗುರಾಗಿ ಹೂಬುಟ್ಟಿಯಂತಿತ್ತು. ಬಲಗಡೆಯದು ನೆನೆದ ಪೊರಕೆಯ ಹಾಗೆ ನೀರಿಳಿಸುತ್ತಿತ್ತು. ಕುತ್ತಿಗೆಗೆ ಕಟ್ಟಿದ ಬಿಳಿ ಬಟ್ಟೆ ಹಾರಾಡುತ್ತಿತ್ತು.

"ಯಾರು ತೆಗೆದದ್ದು ಕರೆಂಟು? ನನಗೆ ಮಧ್ಯಾಹ್ನ ಕೆಲಸದ ಸಂದರ್ಶನ ಇದೆ! ಅರ್ಧ ತಲೆ ಹೊತ್ಕೊಂಡು ಹೋಗ್ಲಾ?"

ರಾಯರು ಅವರ ಹಿಂದೆಯೇ ಸ್ವಿಚ್ಚುಗಳತ್ತ ಓಡಿದರು. ಗಾಬರಿಯಲ್ಲಿ ಯಾವುದನ್ನು ಇಳಿಸಿದ್ದೆ ಎಂಬುದೇ ಮರೆತುಹೋಗಿ ಒಂದನ್ನು ಎತ್ತಿದರು, ಇನ್ನೊಂದನ್ನು ಇಳಿಸಿದರು. ಎದುರುಮನೆಯ ಟೀವಿ ಗಪ್ಪೆಂದಿತು. ಅಲ್ಲಿಂದ ಬೈಗುಳ ಬಂತು. ಅದನ್ನು ಎತ್ತಿದರು, ಮತ್ತೊಂದನ್ನು ಇಳಿಸಿದರು. ನೀರಿನ ಪಂಪು ನಿಂತಿತು. ಹೀಗೆ ರಾಯರು ಹಾರ್ಮೋನಿಯಂ ನುಡಿಸಿದಂತೆ ಸ್ವಿಚ್ಚುಗಳ ಮೇಲೆ ಬೆರಳಾಡಿಸುತ್ತಿರುವಾಗ, ನೂಲಿನ ಚೀಲ ಹಿಡಿದ ಅವರ ಹೆಂಡತಿ ಬೀದಿಬಾಗಿಲಲ್ಲಿ ಬಂದು ನಿಂತರು.

ಒಮ್ಮೆ ಅರ್ಧ ಗುಂಗುರು ತಲೆಯನ್ನು ನೋಡಿದರು. ಒಮ್ಮೆ ಗಂಡನನ್ನು ನೋಡಿದರು.

"ಅಜ್ಜೀನ ಮುಟ್ಟಿದ್ರಾ?" ಎಂದು ಕೇಳಿದರು.

ಎಲ್ಲಿಯ ಸ್ವಿಚ್ಚು, ಎಲ್ಲಿಯ ಅಜ್ಜಿ! ಆದರೆ ಅದೊಂದೇ ಪ್ರಶ್ನೆಗೆ ರಾಯರ ಕೋಟೆ ಬುಡಸಮೇತ ಕುಸಿಯಿತು. ಮೇಲ್ಮನೆಯ ಸ್ವಿಚ್ಚು ಸಿಕ್ಕಿ, ಗಿರಾಕಿ ಉಳಿದರ್ಧ ತಲೆಗಾಗಿ ಮೇಲೇರಿದ ಮೇಲೆ, ರಾಯರು ಹೆಂಡತಿಯ ಹಿಂದೆ ಮನೆಯೊಳಗೆ ಬಂದು, ಮಾವನ ಎದುರಿಗೇ, ತಡವರಿಸುತ್ತಾ ಎಲ್ಲವನ್ನೂ ಹೇಳಿಬಿಟ್ಟರು. ಅಜ್ಜಿ ಇಲ್ಲ. ತಾತನೂ ಇಲ್ಲ. ಇಬ್ಬರನ್ನೂ ತಾವೇ ಒರೆಸಿಬಿಟ್ಟದ್ದು.

ಬೈಗುಳಕ್ಕೆ ರಾಯರು ತಯಾರಾಗಿದ್ದರು. ಬೈಗುಳ ಬರಲಿಲ್ಲ. ಹೆಂಡತಿ ನೂಲಿನ ಚೀಲವನ್ನು ನೆಲಕ್ಕಿಟ್ಟು, ಕಸೂತಿ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತರು. ಯಂತ್ರದ ಮೇಲೆ ಮುಚ್ಚಿದ್ದ ಬಟ್ಟೆಯನ್ನು ಸುಮ್ಮನೆ ನೇರ ಮಾಡಿದರು. ಎಷ್ಟೋ ವರ್ಷಗಳ ಚಿತ್ರಗಳು ಅಜ್ಜಿಯೊಳಗಿದ್ದವು. ಒಂದೊಂದನ್ನೂ ಚುಕ್ಕಿ ಚುಕ್ಕಿಯಾಗಿ ಕೂರಿಸಿ, ಎಳೆ ಎಲ್ಲಿ ತಿರುಗಬೇಕು, ಸೂಜಿ ಎಲ್ಲಿ ನಿಲ್ಲಬೇಕು ಎಂದು ಕಣ್ಣು ಕೆಂಪಾಗುವವರೆಗೆ ಕೂತು ಮಾಡಿದ್ದು.

"ಚದುರಂಗ ಹೋದ್ರೆ ಹೋಗ್ಲಿ," ಎಂದರು ಮಾವ. ಅವರ ದನಿ ಸಣ್ಣದಾಗಿತ್ತು. "ಪುಟ್ಟೀ, ನಿಮ್ಮಮ್ಮನ ಬಳ್ಳಿ?"

ಅದೂ ಅಜ್ಜಿಯೊಳಗೇ ಇತ್ತು. ರಾಯರ ತೀರಿಹೋದ ಅತ್ತೆ ಒಂದು ಕಾಲದಲ್ಲಿ ಪೆನ್ಸಿಲಿನಿಂದ ಬರೆದಿದ್ದ ಮಲ್ಲಿಗೆ ಬಳ್ಳಿ. ಕಾಗದ ಜೀರ್ಣವಾಗಿ ಪುಡಿಯಾಗುವ ಮುಂಚೆ ಮಗಳು ಅದನ್ನು ಗೆರೆ ಗೆರೆ ನೋಡಿ ಕಂಪ್ಯೂಟರಿಗಿಳಿಸಿದ್ದರು. ಒಂದು ಎಲೆ ಮಾತ್ರ ಉಳಿದೆಲ್ಲದಕ್ಕಿಂತ ದೊಡ್ಡದು. ಬರೆಯುವಾಗ ಅತ್ತೆಯ ಕೈ ಜಾರಿತ್ತಂತೆ. ಮಗಳು ಆ ತಪ್ಪನ್ನೂ ಹಾಗೇ ಉಳಿಸಿಕೊಂಡಿದ್ದರು.

ರಾಯರಿಗೆ ಈಗ ನಿಜಕ್ಕೂ ಅಳು ಬಂತು. ಇನ್ನು ಮಾನ ಮರ್ಯಾದೆ ನೋಡುವ ಹೊತ್ತಲ್ಲ. ಫೋನ್ ಎತ್ತಿಕೊಂಡರು.

"ಎಕ್ಸ್‌ರೇ, ಆ ಪಕ್ಕದ ಮನೆಯವರು ನಾನೇ ಕಣಯ್ಯಾ."

"ಗೊತ್ತಿತ್ತು ರಾಯರೇ," ಎಂದ ಅವನು. "ಪಕ್ಕದ ಮನೆಯವರ ಕಂಪ್ಯೂಟರಲ್ಲೂ ಒಬ್ಬ ಅಜ್ಜಿ, ಒಬ್ಬ ತಾತ ಇರೋದು ಎಲ್ಲಾದ್ರೂ ಉಂಟಾ? ಯಾರೂ ಏನೂ ಮುಟ್ಟಬೇಡಿ. ಬಂದೆ."

ಅವನು ಬರುವವರೆಗೆ ಕೈ ಕಟ್ಟಿ ಕೂರಲು ರಾಯರಿಂದಾಗಲಿಲ್ಲ. ಪ್ರಾಯಶ್ಚಿತ್ತವಾಗಿ ತಾವೇ ತುತ್ತೂರಿಯ ಚಿತ್ರ ಬರೆಯುತ್ತೇನೆಂದು ಹೊರಟು, ಹಳೇ ಪೇಪರಿನ ಅಂಚಿನಲ್ಲಿ ನಾಲಿಗೆ ಕಚ್ಚಿಕೊಂಡು ಗೀಚಿದರು. ಮಾವ ಕನ್ನಡಕ ಏರಿಸಿ ನೋಡಿದರು.

"ಚೆನ್ನಾಗಿದೆ. ಆದ್ರೆ ಬಾತುಕೋಳಿ ಯಾಕೆ ಮಕಾಡೆ ಮಲಗಿದೆ?"

ಹೆಂಡತಿಯ ತುಟಿಯಂಚು ಒಂದೇ ಒಂದು ಕ್ಷಣ ಅಲುಗಿತು. ಮತ್ತೆ ಅವರು ಯಂತ್ರದ ಕಡೆ ತಿರುಗಿ ಕೂತರು.

ಎಕ್ಸ್‌ರೇ ಬಂದವನೇ ಹೆಲ್ಮೆಟ್ಟನ್ನೂ ತೆಗೆಯದೆ ಕಂಪ್ಯೂಟರಿನ ಮುಂದೆ ಕೂತ. ಕೊಲೆ ನಡೆದ ಜಾಗಕ್ಕೆ ಬಂದ ಪೊಲೀಸಿನವನ ಗಾಂಭೀರ್ಯ. ಹಿಂದೆ ಮೂವರು ಉಸಿರು ಬಿಗಿಹಿಡಿದು ನಿಂತರು. ಅವನು 'ಇ'ಯನ್ನು ತೆರೆದ. ಖಾಲಿ. "ಹ್ಞೂಂ," ಎಂದ. ಹೊಸ ಡಿಸ್ಕನ್ನು ತೆರೆದ. "ಇಲ್ಲೊಂದು ಅಮರಲೋಕ ಇದೆ," ಎಂದ.

"ಅದು ಅರ್ಧಕ್ಕೇ ನಿಂತ ಕಾಪಿ," ಎಂದರು ರಾಯರು ನೆಲ ನೋಡುತ್ತಾ. "ಬರೀ ಚೂರುಪಾರು."

ಅವನು 'ಡಿ'ಯನ್ನು ತೆರೆದ. ಪರದೆಯ ಹತ್ತಿರಕ್ಕೆ ಬಗ್ಗಿದ.

"ಇಲ್ಲೂ ಒಂದು ಅಮರಲೋಕ ಇದೆ. ಆನೆಯಷ್ಟು ದೊಡ್ಡದು. ಇದು ಯಾರದು?"

"ನಾನಿನ್ನೂ ಇಲ್ಲೇ ಇದೀನಪ್ಪ," ಎಂದರು ಮಾವ ಆತಂಕದಿಂದ.

"ರಾಯರೇ, ನೀವೇನಾದ್ರೂ ನಾನಿಟ್ಟ ಫೋಲ್ಡರಿನ ಹೆಸರು ಬದಲಾಯಿಸಿದ್ರಾ?"

"ಸ್ವಲ್ಪ... ಘನವಾಗಿರ್ಲಿ ಅಂತ..."

ಎಕ್ಸ್‌ರೇ ಈಗ ಹೆಲ್ಮೆಟ್ ತೆಗೆದು ಮೇಜಿನ ಮೇಲಿಟ್ಟ. "ಮನೆಯ ನಂಬರು ಬದಲಾಯಿಸಿಬಿಟ್ಟು, ಪೋಸ್ಟ್‌ಮ್ಯಾನು ಬರ್ಲಿಲ್ಲ ಅಂತ ಅಳ್ತಾ ಕೂತಿದೀರಲ್ಲ! ಹಳೇ ಹೆಸರಲ್ಲಿ ಹುಡುಕಿ ಹುಡುಕಿ ಅದು ಸಿಗುತ್ತಿಲ್ಲ ಅಂದಿದೆ. ಅಷ್ಟೇ. ಅಜ್ಜಿ, ತಾತ ಇಬ್ರೂ ಡಿಯಲ್ಲಿ ಆರಾಮಾಗಿ ಮಲಗಿದಾರೆ. ನೀವು ಒರೆಸಿದ್ದು ಇಯನ್ನ!"

ಹಳೇ ಹೆಸರನ್ನು ಮತ್ತೆ ಟೈಪಿಸಿದ. ಕೆಂಪು ಅಕ್ಷರ ಮಾಯವಾಯಿತು. ಅಜ್ಜಿಯ ಮೇಲೆ ಒತ್ತಿದ. ಪುಟ್ಟ ಕಿಟಕಿ ತೆರೆಯಿತು. ಕಪ್ಪಗಾಯಿತು, ನೀಲಿಯಾಯಿತು, ಮತ್ತೆ ಕಪ್ಪಗಾಯಿತು. ಆಮೇಲೆ ಎಂದಿನ ಏದುಸಿರಿನೊಡನೆ, ಎಂದಿನ ಗೊಣಗಾಟದ ಟುಂಯ್ ಸದ್ದಿನೊಡನೆ, ಅಜ್ಜಿ ಎದ್ದು ಕೂತಳು!

ಹೆಂಡತಿ ಎಕ್ಸ್‌ರೇಯನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯ ತುದಿಯಲ್ಲಿ ಕೂತು, ಒಂದರ ಹಿಂದೊಂದು ಚಿತ್ರ ತೆರೆದರು. ತುತ್ತೂರಿ ಇತ್ತು. ಶಾಲೆಯ ದೀಪ ಇತ್ತು. ಟೊಪ್ಪಿಗೆಯ ಗಿಳಿ ಇತ್ತು. ಕೊನೆಗೆ ಬಳ್ಳಿ ತೆರೆಯಿತು, ಆ ಒಂದು ದೊಡ್ಡ ಎಲೆಯ ಸಮೇತ. ಮಾವ ಮುಂದೆ ಬಗ್ಗಿ ಆ ಎಲೆಯ ಮೇಲೆ ಬೆರಳಿಟ್ಟರು. "ಇದೆ," ಎಂದರು. ಮಗಳು, "ಇದೆ ಅಪ್ಪಾ," ಎಂದರು. ರಾಯರು ಗೋಡೆಗೆ ಒರಗಿ ಹಾಗೇ ಜಾರುತ್ತಾ ಜಾರುತ್ತಾ ನೆಲಕ್ಕೆ ಕೂತುಬಿಟ್ಟರು.

ಆಮೇಲೆ ಆ ಮನೆಯಲ್ಲಿ ಎದ್ದ ಗಲಾಟೆಯನ್ನು ಮೇಲ್ಮನೆಯವರು ಇಳಿದು ಬಂದು ವಿಚಾರಿಸಬೇಕಾಯಿತು. ಹೆಂಡತಿ ಬಂಗಾರದ ನೂಲು ಪೋಣಿಸಿದರು. ಕಸೂತಿ ಯಂತ್ರ ಟಕಟಕ ಟಕಟಕ ಎಂದು ಮೊದಲ ತುತ್ತೂರಿಯನ್ನು ಹೊಲಿಯತೊಡಗಿತು. ರಾಯರು ಜೀವಮಾನದಲ್ಲಿ ಅದಕ್ಕಿಂತ ಇಂಪಾದ ಸದ್ದು ಕೇಳಿದ್ದಿಲ್ಲ. ಮಾವ ತಾತನನ್ನು ಎಬ್ಬಿಸಿದರು. ಆಟ ನಿನ್ನೆ ಬಿಟ್ಟಲ್ಲೇ ಇತ್ತು. ರಾಣಿಯಿಲ್ಲದ ರಾಜ ಮೂಲೆಯಲ್ಲಿ ನಿಂತಿದ್ದ. ಮಾವ ಬಹಳ ಹೊತ್ತು ಅವನನ್ನೇ ನೋಡಿ, ಮತ್ತೆ ತಾತನನ್ನು ಮಲಗಿಸಿದರು.

"ಯಾಕೆ ಮಾವ, ಆಡಲ್ವಾ?"

"ಆಡಿದ್ರೆ ಮುಗಿದೇ ಹೋಗತ್ತೆ. ಇನ್ನೊಂದೆರಡು ದಿನ ಗೆಲ್ಲೋ ಹಾಗೇ ಇರ್ಲಿ."

ಎಕ್ಸ್‌ರೇ ಹೊಸ ಡಿಸ್ಕನ್ನು, ಅಂದರೆ ಹೊಸ ಡಿಸ್ಕನ್ನೇ, ಒರೆಸಿ, ಅಜ್ಜಿ-ತಾತ ಇಬ್ಬರ ಕಾಪಿಯನ್ನೂ ಅದಕ್ಕೆ ಹತ್ತಿಸಿದ. ಅಷ್ಟಕ್ಕೇ ಬಿಡದೆ, ಆ ಕಾಪಿಯಿಂದಲೇ ಅಜ್ಜಿಯನ್ನು ಒಮ್ಮೆ ಎಬ್ಬಿಸಿ ತೋರಿಸಿ, "ಹೀಗೆ ಎಬ್ಬಿಸಿ ನೋಡಿದ್ರೆ ಮಾತ್ರ ಬ್ಯಾಕಪ್ಪು. ಇಲ್ಲಾಂದ್ರೆ ಬರೀ ನಂಬಿಕೆ," ಎಂದ. ಆ ಡಿಸ್ಕನ್ನು ಹೆಂಡತಿ ರಾಯರ ಕೈಗೆ ಸಿಗದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಎಲ್ಲರೂ ಕಾಫಿ ಹಿಡಿದು ಕೂತಾಗ ಎಕ್ಸ್‌ರೇಗೆ ನೆನಪಾಯಿತು.

"ಅದು ಸರಿ ರಾಯರೇ, ಇಯಲ್ಲಿ ಏನಿತ್ತು?"

ಅಜ್ಜಿ ಸಿಕ್ಕಿದ ಸಂಭ್ರಮದಲ್ಲಿ ಇಯನ್ನು ಯಾರೂ ಯೋಚಿಸಿರಲಿಲ್ಲ. ರಾಯರು ಕಾಫಿ ಲೋಟ ಹಿಡಿದ ಹಾಗೇ ಮೇಲೆ ನೋಡಿದರು, ಪಕ್ಕಕ್ಕೆ ನೋಡಿದರು. ಅವರ ಮುಖದ ಬಣ್ಣ ಮೆಲ್ಲಗೆ ಇಳಿಯಿತು.

"ನನ್ನ ಹಾಡುಗಳು," ಎಂದರು.

ರಾಯರಿಗೆ ಹಾಡುವ ಹುಚ್ಚಿತ್ತು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆಂದು ಒಂದು ಪುಟ್ಟ ಕೋಣೆ ಇದೆ. ಒಳಗಿನ ಸದ್ದು ಹೊರಗೆ, ಹೊರಗಿನ ಸದ್ದು ಒಳಗೆ ಹೋಗದಂತೆ ಗೋಡೆಗೆಲ್ಲ ಮೆತ್ತೆ ಬಡಿದ ಕೋಣೆ. ಮಧ್ಯಾಹ್ನದ ಬಿಡುವಿನಲ್ಲಿ ಅದರೊಳಗೆ ಸೇರಿಕೊಂಡು, ಬಾಗಿಲು ಭದ್ರ ಮಾಡಿಕೊಂಡು, ರಾಯರು ವರ್ಷಗಟ್ಟಲೆ ಹಾಡಿ ಧ್ವನಿಮುದ್ರಣ ಮಾಡಿಕೊಂಡಿದ್ದರು. ಆ ಕೋಣೆಯ ದಯದಿಂದ ಆಸ್ಪತ್ರೆ ಬಚಾವಾಗಿತ್ತು, ಮನೆ ಬಚಾವಾಗಿರಲಿಲ್ಲ. ಮನೆಗೆ ಬಂದ ನೆಂಟರನ್ನು ಕೂರಿಸಿ, "ಇದೊಂದು ಕೇಳಿ," ಎಂದು ಶುರುಮಾಡಿದರೆ, ಇದೊಂದು ಎಂದೂ ಒಂದಕ್ಕೆ ನಿಂತದ್ದಿಲ್ಲ. ಒಬ್ಬ ಚಿಕ್ಕಪ್ಪನಂತೂ ಹಾಡಿನ ನಡುವೆ ಎದ್ದು ಹೋದವರು ಇನ್ನೂ ಪತ್ತೆಯಿಲ್ಲ.

"ಎಲ್ಲಾ ಹೋಯ್ತಾ?" ಎಂದು ಕೇಳಿದರು ಮಾವ, ಲೋಟ ಕೆಳಗಿಡುತ್ತಾ.

"ಎಲ್ಲಾ, ಮಾವ."

"ಒಂದೂ ಉಳಿದಿಲ್ವಾ?"

"ಒಂದೂ ಇಲ್ಲ."

"ಆಸ್ಪತ್ರೆಯಲ್ಲಿ, ಫೋನಿನಲ್ಲಿ, ಎಲ್ಲಾದ್ರೂ ಬೇರೆ ಕಾಪಿ?" ಎಂದು ಎಕ್ಸ್‌ರೇ ಕಳವಳದಿಂದ ಮುಂದೆ ಬಗ್ಗಿ ಕೇಳಿದ.

"ಎಲ್ಲೂ ಇಲ್ಲ ಕಣಯ್ಯಾ," ಎಂದರು ರಾಯರು. ಇಷ್ಟು ಮಮತೆಯಿಂದ ತಮ್ಮ ಹಾಡುಗಳ ಬಗ್ಗೆ ವಿಚಾರಿಸುತ್ತಾರೆಂದು ಅವರು ಅಂದುಕೊಂಡಿರಲಿಲ್ಲ.

ಮಾವ ಕಣ್ಣು ಮುಚ್ಚಿ ದೀರ್ಘವಾದ ಒಂದು ಉಸಿರು ಬಿಟ್ಟರು. ಎಕ್ಸ್‌ರೇ ಕುರ್ಚಿಗೆ ಒರಗಿ ಇನ್ನೊಂದು ಬಿಟ್ಟ. ಇಬ್ಬರ ಮುಖದಲ್ಲೂ, ಅಜ್ಜಿ ಎದ್ದು ಕೂತಾಗ ಕೂಡ ಇರದಿದ್ದ ಒಂದು ಶಾಂತಿ ನೆಲೆಸಿತು.

ಹೆಂಡತಿ ಎದ್ದು ಬಂದು ರಾಯರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದರು. ಬೆಳಿಗ್ಗೆಯಿಂದ ಮೊದಲ ಸಲ ಅವರ ಹೆಗಲ ಮೇಲೆ ಕೈಯಿಟ್ಟರು.

"ಅಜ್ಜಿ-ತಾತನ ಬ್ಯಾಕಪ್ಪು ಇನ್ಮೇಲೆ ನಾನು ನೋಡ್ಕೋತೀನಿ. ನೀವು ಬೇಜಾರು ಮಾಡ್ಕೋಬೇಡಿ," ಎಂದರು. "ನಿಮ್ಮ ಹಾಡುಗಳ ಬ್ಯಾಕಪ್ಪು ಮಾತ್ರ ಯಾವತ್ತಿಗೂ ನಿಮ್ಮ ಕೈಯಲ್ಲೇ ಇರ್ಲಿ. ಇವತ್ತು ಹೇಗೆ ಮಾಡಿದ್ರೋ, ಪ್ರತಿ ಸಲಾನೂ ಹಾಗೇ ಮಾಡಿ."